ಕೆಲಸದ ಜೊತೆ ಬಂದ ಹೆಸರು

ಅಧ್ಯಕ್ಷತೆ ವಹಿಸಿರುವ ನಮ್ಮ ಡಾಕ್ಟರಮ್ಮನವರೇ, ಮುಖ್ಯ ಅತಿಥಿಗಳಾಗಿ ಬಂದು ಇಷ್ಟು ಹೊತ್ತು ಚೆನ್ನಾಗಿ ಮಾತಾಡಿದ ಮೇಷ್ಟ್ರೇ, ವೇದಿಕೆಯ ಮೇಲಿರುವ ಹಿರಿಯರೇ, ನರ್ಸಮ್ಮಂದಿರೇ, ಹಿಂದಿನ ಸಾಲಿನಲ್ಲಿ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿರುವ ತಾಯಂದಿರೇ, ಸಭಿಕರೇ,

ಇವತ್ತು ನನಗೆ ಉಪವಾಸ. ವಾರದಲ್ಲಿ ಒಂದು ದಿನ ನಾನು ಊಟ ಮಾಡುವುದಿಲ್ಲ, ಅದು ಇವತ್ತೇ ಬಂತು. ಬೆಳಿಗ್ಗೆ ಎದ್ದು ನೀರು ಹಿಡಿದು, ಮನೆ ಗುಡಿಸಿ, ಉಣ್ಣುವವರಿಗೆ ಅಡಿಗೆ ಮಾಡಿಟ್ಟು, ದೇವರಿಗೆ ಕೈ ಮುಗಿದು, ಇಲ್ಲಿಗೆ ಬಂದು ಹೊಸ ವಾರ್ಡಿನ ಮಂಚಗಳಿಗೆಲ್ಲ ಒಗೆದ ಹಾಸು ಹಾಸಿ, ಆಮೇಲೆ ಕೈ ತೊಳೆದು ಈ ವೇದಿಕೆ ಹತ್ತಿದ್ದೇನೆ. ಉಪವಾಸದ ದಿನ ನಾನು ಮಾತು ಜಾಸ್ತಿ ಆಡುತ್ತೇನೆ ಎಂದು ನಮ್ಮ ಯಜಮಾನರ ದೂರು. ‘ಬಾಯಿಗೆ ಬೇರೆ ಕೆಲಸ ಇಲ್ವಲ್ಲ, ಅದಕ್ಕೇ’ ಅನ್ನುತ್ತಾರೆ. ಸ್ವಲ್ಪ ಉದ್ದವಾದರೆ ನೀವೆಲ್ಲ ಸಹಿಸಿಕೊಳ್ಳಬೇಕು.

ನನ್ನ ಬೆನ್ನ ಹಿಂದೆ ಗೋಡೆಯ ಮೇಲೆ ಒಂದು ಬೋರ್ಡು ಇದೆ. ಅದಕ್ಕೆ ಬಟ್ಟೆ ಮುಚ್ಚಿದ್ದಾರೆ. ಹೊಸ ಹೆರಿಗೆ ವಾರ್ಡಿಗೆ ನನ್ನ ಹೆಸರು ಇಡುತ್ತಿದ್ದಾರೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಈ ಆಸ್ಪತ್ರೆಯಲ್ಲಿ ಇಷ್ಟು ಕಾಲ ದುಡಿದ ಆಯಾಗೆ ಗೌರವ ಸಲ್ಲಬೇಕು ಎಂದು ಡಾಕ್ಟರಮ್ಮನವರು ಹಟ ಹಿಡಿದು ಮಾಡಿದ ಕೆಲಸ ಇದು. ಅವರ ದೊಡ್ಡ ಮನಸ್ಸಿಗೆ ನಾನು ಋಣಿ. ಮೇಷ್ಟ್ರು ಆ ಹೆಸರಿನ ಅರ್ಥ ಬಿಡಿಸಿ ಹೇಳಿದರು, ಹಳೆಯ ಕಾವ್ಯದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ತಿಳಿಸಿದರು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು, ನನಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಕೇಳಿ ಸಂತೋಷವಾಯಿತು. ನಮ್ಮ ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಕೂಗುವ ಹೆಸರಿಗೆ ಅಂಥ ಹಿರಿಮೆ ಇದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

ಆದರೆ ಆ ಬಟ್ಟೆ ತೆಗೆಯುವ ಮೊದಲು ನಾನು ಒಂದು ಮಾತು ಹೇಳಬೇಕು. ಆ ಹೆಸರು ನನ್ನದಲ್ಲ.

ಡಾಕ್ಟರಮ್ಮನವರು ನನ್ನ ಕಡೆ ನೋಡುತ್ತಿದ್ದಾರೆ. ಅವರಿಗೂ ಇದು ಹೊಸ ಸಂಗತಿ. ಅಮ್ಮಾ, ನೀವು ಬರುವ ಹೊತ್ತಿಗೆ ನಾನು ಇಲ್ಲಿ ಆ ಹೆಸರಿನಲ್ಲಿಯೇ ಇದ್ದೆ. ನಿಮಗೆ ತಿಳಿಯುವ ದಾರಿಯೇ ಇರಲಿಲ್ಲ. ಹೆಸರಿನ ನಿಜವಾದ ಒಡತಿ ಈಗ ಇದೇ ಕಟ್ಟಡದ ಕೆಳಗೆ, ಬಟ್ಟೆ ಮಡಚುವ ಕೋಣೆಯಲ್ಲಿ, ಸ್ಟೂಲಿನ ಮೇಲೆ ಕಾಲು ನೀಡಿ ಕೂತಿದ್ದಾರೆ. ಬೆಳಿಗ್ಗೆ ನಾನೇ ಆಟೋದಲ್ಲಿ ಕರೆದುಕೊಂಡು ಬಂದೆ. ಮೇಲಕ್ಕೆ ಬನ್ನಿ ಎಂದರೆ, ‘ಇಲ್ಲಿ ನೆಲ ತೊಳೆದೂ ತೊಳೆದೂ ಮಂಡಿ ಹೋಗಿದೆ ಕಣೇ, ಇನ್ನು ಮೆಟ್ಟಿಲು ಬೇರೆ ಹತ್ತು ಅಂತೀಯಾ?’ ಎಂದರು. ಅವರ ಹೆಸರನ್ನು ಬೋರ್ಡಿನ ಮೇಲೆ ಇಡಬಹುದೇ ಬೇಡವೇ ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರ ಇದು: ‘ನೀನು ಮೇಲೆ ಹೋಗು. ಅಷ್ಟೂ ಜನರ ಎದುರಿಗೆ ಅದು ಯಾರದು, ಹೆಂಗೆ ಬಂತು, ಎಲ್ಲಾ ಹೇಳು. ಹೇಳಿ ಆದ ಮೇಲೆ ಯಾರನ್ನಾದ್ರೂ ಕಳಿಸು, ಕೊಡ್ತೀನೋ ಇಲ್ವೋ ಹೇಳಿ ಕಳಿಸ್ತೀನಿ. ಹೇಳೋಕೆ ಮುಂಚೆನೇ ಕೊಟ್ರೆ ಅದು ನಾನು ಕೊಟ್ಟ ಹಾಗಲ್ಲ, ನೀವು ಇನ್ನೊಂದು ಸಲ ತಗೊಂಡ ಹಾಗೆ.’

ಹೀಗಾಗಿ ನಾನು ಮಾತಾಡುತ್ತಿದ್ದೇನೆ. ಮೇಷ್ಟ್ರು ಆ ಹೆಸರನ್ನು ಬಾಯಿತುಂಬ ಹೇಳಿದರು, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ. ಒಡತಿಯ ಅಪ್ಪಣೆ ಬರುವವರೆಗೆ ನಾನು ಅದನ್ನು ಉಚ್ಚರಿಸುವುದಿಲ್ಲ.

ಕೂಸಿಗೆ ಹುಟ್ಟು ಇದ್ದ ಹಾಗೆ ಹೆಸರಿಗೂ ಒಂದು ಹುಟ್ಟು ಇರುತ್ತದೆ. ಈ ಹೆಸರು ಹುಟ್ಟಿದ್ದು ಎಲ್ಲಿ? ಕಾವ್ಯದಲ್ಲಿ ಹುಟ್ಟಿರಬಹುದು, ನಾನು ಅಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕೈಗೆ ಬಂದದ್ದು ಒಬ್ಬ ಸೂಲಗಿತ್ತಿಯಿಂದ. ನಮ್ಮ ಮೊದಲನೆಯವರು — ಹೆಸರು ಹೇಳದೆ ಅವರನ್ನು ಏನೆಂದು ಕರೆಯಲಿ, ಮೊದಲನೆಯವರು ಎಂದೇ ಕರೆಯುತ್ತೇನೆ — ಅವರು ತಾಯಿಯ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದರಂತೆ. ಊರಿನಲ್ಲಿ ಕೈ ಬಿಟ್ಟಾಗಿತ್ತು. ಪಕ್ಕದ ಊರಿನಿಂದ ಒಬ್ಬ ಕುಂಟು ಸೂಲಗಿತ್ತಿ ಹೊಲದ ಬದುವಿನ ಮೇಲೆ ಕೋಲೂರಿಕೊಂಡು ಬಂದಳಂತೆ. ಹೊಟ್ಟೆಯ ಮೇಲೆ ಕೈ ಆಡಿಸುತ್ತ, ಕೂಸಿನ ಹತ್ತಿರ ಮಾತಾಡುತ್ತ, ಬೈಯುತ್ತ, ಮುದ್ದು ಮಾಡುತ್ತ ನೇರ ಮಾಡಿದಳಂತೆ. ತಾಯಿ, ಮಗು ಇಬ್ಬರೂ ಉಳಿದರು. ‘ನಿನಗೆ ಏನು ಕೊಡಲಿ?’ ಎಂದು ತಾಯಿ ಕೇಳಿದ್ದಕ್ಕೆ ಆಕೆ, ‘ನನಗೆ ಹಿಂದಿಲ್ಲ, ಮುಂದಿಲ್ಲ. ಏನು ಕೊಟ್ರೂ ಇಡೋಕೆ ಜಾಗ ಇಲ್ಲ’ ಎಂದಳಂತೆ. ಆಗ ತಾಯಿ, ‘ಹಂಗಾದ್ರೆ ನಿನ್ನ ಹೆಸರು ನನಗೆ ಕೊಡು’ ಎಂದು ಕೇಳಿ ಪಡೆದು ಮಗಳಿಗೆ ಇಟ್ಟಳು.

ಮನೆಯಲ್ಲಿ ದೊಡ್ಡ ರಂಪವಾಯಿತಂತೆ. ಅಜ್ಜಿಗೆ ತನ್ನ ಹೆಸರು ಇಡಬೇಕೆಂದು ಆಸೆ. ‘ಸೂಲಗಿತ್ತಿ ಹೆಸರು ಯಾರಾದ್ರೂ ಇಡ್ತಾರಾ? ನಾಳೆ ಕ್ಷೌರಿಕನ ಹೆಸರೂ ಇಡ್ತೀರಾ?’ ಎಂದು ಆರ್ಭಟಿಸಿದಳು. ಸಾಯುವವರೆಗೂ ಮೊಮ್ಮಗಳನ್ನು ‘ಇವಳೇ’ ಎಂದೇ ಕರೆದಳಂತೆ. ‘ಇವಳೇ ನೀರು ತಾ, ಇವಳೇ ಕಾಲು ಒತ್ತು.’ ಮೊದಲನೆಯವರು ಇದನ್ನು ಹೇಳುವಾಗ ಈಗಲೂ ನಗುತ್ತಾರೆ. ‘ಹಟ ಅಂದ್ರೆ ಅದು ಹಟ. ಮುದುಕಿ ಪ್ರಾಣ ಬಿಟ್ಟಳೇ ಹೊರತು ನನ್ನ ಹೆಸರು ಹಿಡೀಲಿಲ್ಲ’ ಅನ್ನುತ್ತಾರೆ.

ನೀವು ಗಮನಿಸಬೇಕು. ಕೇಳಿ ಪಡೆದ ಹೆಸರು ಅದು. ಒಬ್ಬಳು ಕೇಳಿದಳು, ಇನ್ನೊಬ್ಬಳು ಕೊಟ್ಟಳು. ಇಲ್ಲಿಗೆ ಬಂದ ಮೇಲೆ ಆ ಕ್ರಮ ತಪ್ಪಿತು.

ಮೊದಲನೆಯವರು ಈ ಆಸ್ಪತ್ರೆಗೆ ಆಯಾ ಆಗಿ ಸೇರಿದಾಗ ಇದು ತಗಡಿನ ಶೀಟು ಹೊದಿಸಿದ ಎರಡು ಕೋಣೆ. ಆಗ ಇದ್ದವರು ದೊಡ್ಡ ಡಾಕ್ಟರಮ್ಮ, ಅಲ್ಲಿ ಫೋಟೋದಲ್ಲಿದ್ದಾರೆ. ಅವರ ಮೇಲೆ ತಪ್ಪು ಹೊರಿಸಲು ನಾನು ಇಲ್ಲಿ ನಿಂತಿಲ್ಲ. ಅಂಥ ಕೈ ನಾನು ಇನ್ನೊಂದು ಕಂಡಿಲ್ಲ. ಹೆರಿಗೆ ಮಾಡಿಸುವಾಗ ಅವರು ಕತ್ತು ತಿರುಗಿಸುತ್ತಿರಲಿಲ್ಲ. ಕಣ್ಣು ಬಸುರಿಯ ಮೇಲೆ, ಕೈ ಕೂಸಿನ ಮೇಲೆ, ಬಾಯಿ ಮಾತ್ರ ನಮ್ಮ ಕಡೆ. ಹೆಸರು ಕೂಗುತ್ತಿದ್ದರು, ಬೇಕಾದ ವಸ್ತು ಕೈಗೆ ಬಂದು ಬೀಳಬೇಕಾಗಿತ್ತು. ಮೊದಲನೆಯವರಿಗೆ ಇನ್ನೊಂದು ಗುಣವಿತ್ತು. ನೋವು ತಿನ್ನುವ ಹೆಂಗಸು ಅವರ ಹೆಸರು ಕೂಗಿದರೆ, ಕೋಣೆಯ ಯಾವ ಮೂಲೆಯಲ್ಲಿದ್ದರೂ ‘ಇದ್ದೀನಿ’ ಅನ್ನುತ್ತಿದ್ದರು. ‘ಬಂದೆ’ ಅಲ್ಲ, ‘ಏನು’ ಅಲ್ಲ. ‘ಇದ್ದೀನಿ.’ ಹೇಳಿ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಬಾಣಂತಿಯರು ಮನೆಗೆ ಹೋಗಿ ತಂಗಿಗೆ ಹೇಳಿದರು, ನಾದಿನಿಗೆ ಹೇಳಿದರು. ‘ಅಲ್ಲಿ ಇಂಥವಳು ಇದ್ದಾಳೆ, ಅವಳನ್ನ ಕೂಗು, ಕೈ ಹಿಡ್ಕೋತಾಳೆ, ನೋವು ಅರ್ಧ ಆಗುತ್ತೆ.’ ಎಷ್ಟೋ ಜನ ಹೆಣ್ಣು ಹುಟ್ಟಿದರೆ ಅದೇ ಹೆಸರು ಇಟ್ಟರು. ಈ ಊರಿನಲ್ಲಿ ಆ ಹೆಸರಿನವರು ಅಷ್ಟೊಂದು ಯಾಕೆ ಎಂದು ಮೇಷ್ಟ್ರು ಆಶ್ಚರ್ಯಪಟ್ಟರಲ್ಲ, ಕಾರಣ ಇದು. ಅವರ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ನಾಲ್ವರಿದ್ದರಂತೆ, ಒಬ್ಬಳನ್ನು ಕರೆದರೆ ನಾಲ್ವರೂ ಎದ್ದು ನಿಲ್ಲುತ್ತಿದ್ದರಂತೆ. ಮೇಷ್ಟ್ರೇ, ಆ ನಾಲ್ವರ ಕೂಗನ್ನೂ ಮೊದಲು ಕೇಳಿದ ಗೋಡೆ ನಮ್ಮದೇ.

ಆಮೇಲೆ ಮೊದಲನೆಯವರೇ ಬಸುರಿಯಾದರು. ಇದೇ ಆಸ್ಪತ್ರೆಯಲ್ಲಿ, ತಾವೇ ತೊಳೆದ ರಬ್ಬರ್ ಶೀಟಿನ ಮೇಲೆ ಮಲಗಿದರು. ಹೆಣ್ಣು ಕೂಸು. ಉಸಿರಾಡಲಿಲ್ಲ.

ಈ ಮಾತನ್ನು ಇಲ್ಲಿ ಹೇಳಬಹುದೇ ಎಂದು ಅವರನ್ನು ಕೇಳಿಯೇ ಬಂದಿದ್ದೇನೆ. ‘ಹೇಳು, ಅದೂ ನಂದೇ’ ಎಂದರು.

ಅವರು ಕೆಲವು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಆಸ್ಪತ್ರೆ ನಿಲ್ಲುತ್ತದೆಯೇ? ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು, ನಾವು ಉದ್ದಕ್ಕ ಎನ್ನುತ್ತಿದ್ದೆವು. ಉದ್ದಕ್ಕ ಸೇರಿದ ದಿನವೇ ಒಂದು ಕಷ್ಟದ ಹೆರಿಗೆ. ದೊಡ್ಡ ಡಾಕ್ಟರಮ್ಮ ಕತ್ತು ತಿರುಗಿಸದೆ ಹಳೆಯ ಹೆಸರನ್ನೇ ಕೂಗಿದರು. ಅಂಥ ಹೊತ್ತಿನಲ್ಲಿ ‘ಅಮ್ಮಾ, ನಾನು ಅವಳಲ್ಲ’ ಎಂದು ಪರಿಚಯ ಹೇಳಿಕೊಳ್ಳುವುದಕ್ಕೆ ಆಗುತ್ತದೆಯೇ? ಬಸುರಿಯೂ ಅದೇ ಹೆಸರು ಕೂಗಿದಳು, ಅವಳ ಅಕ್ಕ ಹೇಳಿ ಕಳಿಸಿದ್ದಳು. ಉದ್ದಕ್ಕ ಹೋಗಿ ಕೈ ಹಿಡಿದಳು. ಆ ದಿನ ಹೋಯಿತು, ಮರುದಿನವೂ ಅದೇ ಹೆಸರು. ಆಮೇಲೆ ಯಾರಾದರೂ ಸರಿ ಮಾಡಲು ಹೋದರೆ ದೊಡ್ಡ ಡಾಕ್ಟರಮ್ಮ, ‘ಕೈಯಲ್ಲಿ ಕೂಸಿನ ತಲೆ ಇರುವಾಗ ಬಾಯಿಗೆ ಬಂದದ್ದು ಕೂಗ್ತೀನಿ ಕಣ್ರೇ, ಬಾಯಿಗೆ ಅದೇ ಬರುತ್ತೆ, ನಾನೇನು ಮಾಡಲಿ?’ ಅನ್ನುತ್ತಿದ್ದರಂತೆ. ಕೋಣೆಯಲ್ಲಿ ಕೂಗಿದ್ದು ವರಾಂಡಕ್ಕೆ ಬಂತು, ವರಾಂಡದಿಂದ ಗೇಟಿಗೆ ಬಂತು.

ಒಂದು ದಿನ ಮೊದಲನೆಯವರು ಮನಸ್ಸು ಗಟ್ಟಿ ಮಾಡಿಕೊಂಡು ಕೆಲಸಕ್ಕೆ ವಾಪಸು ಬಂದರು. ಗೇಟಿನ ಒಳಗೆ ಕಾಲಿಟ್ಟಿದ್ದರಂತೆ, ಒಳಗಿನಿಂದ ದೊಡ್ಡ ಡಾಕ್ಟರಮ್ಮ ಅವರ ಹೆಸರು ಕೂಗಿದ್ದು ಕೇಳಿಸಿತು. ‘ನಾನು ಬರೋದು ಗೊತ್ತಾಗಿ ಕೂಗ್ತಿದ್ದಾರೆ’ ಅಂದುಕೊಂಡರಂತೆ. ‘ಇದ್ದೀನಿ’ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಬೇರೆ ಯಾರೋ ಉತ್ತರ ಕೊಟ್ಟರು.

ಅವರು ಅಲ್ಲಿಂದಲೇ ಹಿಂದಕ್ಕೆ ತಿರುಗಿದರು. ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನನಗೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸುತ್ತೇನೆ. ‘ಮಗು ಹೋಯ್ತು. ಹಾಲು ಬತ್ತಿತು. ಉಳಿದದ್ದು ಹೆಸರು ಒಂದೇ, ಅದನ್ನ ತಗೊಂಡು ಕೆಲಸಕ್ಕೆ ಬಂದೆ. ಇಲ್ಲಿ ನೋಡಿದ್ರೆ ಅದನ್ನೂ ಇನ್ನೊಬ್ಬಳು ಉಟ್ಕೊಂಡು ಓಡಾಡ್ತಿದ್ದಾಳೆ.’

ಉದ್ದಕ್ಕನ ನಂತರ ನಾನು ಬಂದೆ. ಮದುವೆಯಾಗಿ ಹಳ್ಳಿಯಿಂದ ಬಂದ ಹೊಸತು, ಫಿನಾಯಿಲ್ ವಾಸನೆಗೆ ತಲೆ ತಿರುಗುತ್ತಿತ್ತು. ಉದ್ದಕ್ಕ ಕೆಲಸ ಬಿಡುವ ದಿನ ನನ್ನನ್ನು ಮೂಲೆಗೆ ಕರೆದು ಒಂದೊಂದಾಗಿ ಒಪ್ಪಿಸಿದಳು. ‘ನೋಡು ತಂಗಿ, ಬಕೆಟ್ಟು ಇದು. ಬ್ರಷ್ಷು ಇದು. ಹೆಸರು ಇದು. ಮೂರನ್ನೂ ಚೊಕ್ಕಟವಾಗಿ ಇಟ್ಕೋ.’

‘ನನಗೆ ನಮ್ಮಮ್ಮ ಇಟ್ಟ ಹೆಸರಿದೆಯಲ್ಲಕ್ಕಾ?’ ಎಂದೆ.

‘ಅದನ್ನ ಮನೇಲಿ ಇಡು, ಕೊಳೆ ಆಗಲ್ಲ’ ಎಂದಳು.

ನಗಬೇಡಿ, ನಗುವ ಮಾತಲ್ಲ. ಅಥವಾ ನಗಿ. ಉದ್ದಕ್ಕನಿಗೂ ನಗುವವರೆಂದರೆ ಇಷ್ಟವಿತ್ತು, ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ.

ಮನೆಯಲ್ಲಿ ಇಟ್ಟ ಹೆಸರು ಏನಾಯಿತು? ಬಾಣಂತಿಯರ ಕಡೆಯವರು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದು ವಾರ್ಡಿನ ಹೆಸರು ಕೂಗಿದರು. ಅಕ್ಕಪಕ್ಕದವರು ಕಲಿತರು. ತರಕಾರಿಯವನು ಕಲಿತ. ನಮ್ಮ ಯಜಮಾನರು ಮೊದಮೊದಲು ತಮಾಷೆಗೆ ಕರೆದರು, ಆಮೇಲೆ ತಮಾಷೆ ಮರೆತುಹೋಯಿತು, ಕರೆಯುವುದು ಉಳಿಯಿತು. ನನ್ನ ತಾಯಿ ಮಾತ್ರ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಅವಳು ಬಂದಾಗ ಅಡಿಗೆಮನೆಯಿಂದ ನನ್ನನ್ನು ಕೂಗಿದರೆ ನಮ್ಮ ಮಕ್ಕಳು ‘ಅಜ್ಜಿ ಯಾರನ್ನ ಕರೀತಿದ್ದಾರೆ?’ ಎಂದು ಕೇಳುತ್ತಿದ್ದರು.

ತಾಯಿ ಮತ್ತೆ ದೇವರು, ಇಬ್ಬರ ಹತ್ತಿರ ನನ್ನ ಹೆಸರು ಭದ್ರ ಎಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಕೈ ಮುಗಿದು ನಿಂತಾಗ ನಾನು ಯಾರೆಂದು ಹೇಳಿಕೊಂಡೇ ಬೇಡುವುದು ನನ್ನ ಅಭ್ಯಾಸ. ಚಿಕ್ಕಂದಿನಲ್ಲಿ ತಾಯಿ ಹಾಗೆ ಕಲಿಸಿದ್ದಳು, ‘ಇಂಥವಳು ಬೇಡ್ಕೋತಿದ್ದೀನಿ ತಂದೇ ಅಂತ ಹೇಳು, ಅವನಿಗೆ ಎಷ್ಟೊಂದು ಮಕ್ಕಳು’ ಎಂದು. ಅದೇ ತಾಯಿ ಹಾಸಿಗೆ ಹಿಡಿದಾಗ ನಾನು ಉಪವಾಸವಿದ್ದು, ಕಣ್ಣು ಮುಚ್ಚಿ, ‘ಇಂಥವಳು ಬೇಡ್ಕೋತಿದ್ದೀನಿ, ಅಮ್ಮನನ್ನ ಉಳಿಸಿಕೊಡು’ ಎಂದು ಬೇಡಿದೆ. ಬೇಡಿ ಮುಗಿದ ಮೇಲೆ ಗೊತ್ತಾಯಿತು. ನನ್ನ ಬಾಯಿಂದ ಬಂದದ್ದು ವಾರ್ಡಿನ ಹೆಸರು.

ತಾಯಿ ಆ ವಾರ ಹೋದಳು. ವಯಸ್ಸಾಗಿತ್ತು, ಹೋಗಬೇಕಾದವಳೇ. ಆದರೆ ಸಭಿಕರೇ, ನನಗೆ ಒಂದು ಅನುಮಾನ ಉಳಿದುಬಿಟ್ಟಿತು. ನನ್ನ ಬೇಡಿಕೆ ಯಾರ ಲೆಕ್ಕಕ್ಕೆ ಹೋಯಿತು? ಇದನ್ನು ನಾನು ಯಜಮಾನರಿಗೂ ಹೇಳಿರಲಿಲ್ಲ. ಅವರು ಅಲ್ಲಿ ಕಂಬದ ಹತ್ತಿರ ಕೂತಿದ್ದಾರೆ, ಈಗ ಕೇಳಿಸಿಕೊಂಡರು. ಇದನ್ನು ಹೇಳಬೇಕೆಂದು ನಾನು ವೇದಿಕೆ ಹತ್ತಿರಲಿಲ್ಲ. ಇರಲಿ, ಬಂದ ಮಾತು ಬಂತು.

ಮೊದಲನೆಯವರನ್ನು ನಾನು ಕಂಡದ್ದು ಹೋದ ವರ್ಷ. ಅವರು ಇಲ್ಲಿಂದ ಹೋದ ಮೇಲೆ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟರು. ನಮ್ಮ ಡಾಕ್ಟರರ ಕೋಟುಗಳು ಕೂಡ ಅಲ್ಲಿಗೇ ಹೋಗುತ್ತವೆ. ಇಷ್ಟು ವರ್ಷ ಈ ಆಸ್ಪತ್ರೆಯ ಕೋಟು ಇಸ್ತ್ರಿ ಮಾಡಿದ್ದಾರೆ, ಅಲ್ಲಿಯವರೆಗೆ ಆಸ್ಪತ್ರೆಯ ಗೇಟು ದಾಟಿರಲಿಲ್ಲ. ಬೀದಿಗೆಲ್ಲ ಅವರು ಇಸ್ತ್ರಿ ಅಜ್ಜಿ. ಪಕ್ಕದ ಮನೆಯ ಹುಡುಗಿಗೆ ನೋವು ಬಂದು, ಮನೆಯಲ್ಲಿ ಗಂಡಸರಿಲ್ಲದೆ, ವಿಧಿಯಿಲ್ಲದೆ ಅವರೇ ಕರೆದುಕೊಂಡು ಬಂದರು. ಮಧ್ಯಾಹ್ನದ ಹೊತ್ತು, ನಾನು ಹೆರಿಗೆ ಕೋಣೆಯ ಕಿಟಕಿ ಹಾಕುತ್ತಿದ್ದೆ. ಆ ಹುಡುಗಿಗೆ ತಾಯಿ ಇಲ್ಲ, ದೊಡ್ಡಮ್ಮ ಹೇಳಿ ಕಳಿಸಿದ್ದಳಂತೆ. ಮಂಚ ಗಟ್ಟಿಯಾಗಿ ಹಿಡಿದುಕೊಂಡು ಆ ಹೆಸರು ಕೂಗಿದಳು.

‘ಇದ್ದೀನಿ’ ಎಂದೆ ನಾನು.

‘ಇದ್ದೀನಿ’ ಎಂದಿತು ಬಾಗಿಲ ಹತ್ತಿರ ಇನ್ನೊಂದು ದನಿ.

ಇಬ್ಬರೂ ನಿಂತ ಕಡೆಯೇ ನಿಂತುಬಿಟ್ಟೆವು. ಹುಡುಗಿ ಅರಚಿದಳು, ‘ಅಯ್ಯೋ, ಯಾರಾದ್ರೂ ಒಬ್ಬರು ಬನ್ನಿ!’

ಇಬ್ಬರೂ ಹೋದೆವು. ಒಂದು ಕೈ ನಾನು ಹಿಡಿದೆ, ಒಂದು ಕೈ ಅವರು ಹಿಡಿದರು. ಗಂಡು ಕೂಸು, ಗಟ್ಟಿ ಕೂಸು. ಆ ಹುಡುಗಿ ಇಲ್ಲೇ ಎಲ್ಲೋ ಇರಬೇಕು.

ಆಮೇಲೆ ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವರು ಕೇಳಿದರು, ‘ನಿನ್ನ ಹೆಸರೂ ಅದೇನಾ?’

‘ನಂದಲ್ಲಮ್ಮಾ, ಕೆಲಸದ್ದು’ ಎಂದೆ.

ಅವರು ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು. ‘ಕೆಲಸದ್ದು ಅಲ್ಲ, ನಂದು’ ಎಂದರು.

ಆವತ್ತಿನಿಂದ ನಾನು ಇಸ್ತ್ರಿ ಅಂಗಡಿಗೆ ಹೋಗಿ ಕೂರುವುದು ರೂಢಿಯಾಯಿತು. ನಾನು ನೀರು ಚಿಮುಕಿಸಿ ಮಡಚಿ ಕೊಡುತ್ತೇನೆ, ಅವರು ಇಸ್ತ್ರಿ ಮಾಡುತ್ತಾರೆ. ಈಗ ನಿಮಗೆ ಹೇಳಿದ್ದೆಲ್ಲ ಅಲ್ಲಿ ಕೂತು ಸ್ವಲ್ಪ ಸ್ವಲ್ಪವಾಗಿ ಕೇಳಿದ್ದು. ನನ್ನ ಅನುಮಾನವನ್ನೂ ಒಂದು ದಿನ ಅವರಿಗೆ ಹೇಳಿದೆ. ‘ತಪ್ಪು ಹೆಸರು ಹೇಳಿದ್ದಕ್ಕೆ ದೇವರಿಗೆ ತಿಳಿಯಲಿಲ್ಲವೇನೋ’ ಎಂದು ಅತ್ತೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿ ಇಟ್ಟು, ‘ಹುಚ್ಚಿ, ದೇವರಿಗೆ ಹೆಸರು ಬೇಕಾ? ಅವನೇನು ಟೋಕನ್ ಕೂಗ್ತಾನಾ? ದನಿ ಕೇಳಿದ್ರೆ ಸಾಕು ಅವನಿಗೆ’ ಎಂದರು. ಎಷ್ಟೋ ವರ್ಷದ ಭಾರ ಇಳಿಯಿತು ನನಗೆ. ಆಮೇಲೆ ಒಂದು ಕೋಟಿನ ಕಾಲರು ತಿದ್ದುತ್ತ ಇನ್ನೊಂದು ಮಾತು ಹೇಳಿದರು. ‘ದೇವರಿಗೆ ಬೇಡ. ಮನುಷ್ಯರಿಗೆ ಬೇಕು. ನನಗೆ ಬೇಕಿತ್ತು.’

ಆಮಂತ್ರಣ ಬಂದದ್ದು ಮೊನ್ನೆ. ಅಚ್ಚಾದ ಹೆಸರು ನೋಡಿ ನನಗೆ ಮೊದಲು ಆದದ್ದು ಖುಷಿ, ಸುಳ್ಳು ಯಾಕೆ ಹೇಳಲಿ? ಆಮೇಲೆ ಅದು ಯಾರದೆಂದು ನೆನಪಾಯಿತು. ಆಮಂತ್ರಣ ತೆಗೆದುಕೊಂಡು ಹೋಗಿ ಮೊದಲನೆಯವರ ಮುಂದೆ ಇಟ್ಟೆ. ಅವರಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಿದೆ. ‘ಇನ್ನೊಂದು ಸಲ ಓದು’ ಎಂದರು. ಓದಿದೆ. ‘ಬರೀ ಹೆಸರು ಓದು’ ಎಂದರು. ಅದನ್ನೂ ಓದಿದೆ. ‘ನಮ್ಮ ಬೀದೀಲಿ ಇದನ್ನ ಹಿಡಿದು ಕರೆಯೋರು ಒಬ್ಬರೂ ಉಳಿದಿಲ್ಲ. ಇಸ್ತ್ರಿ ಅಜ್ಜಿ, ಇಸ್ತ್ರಿ ಅಜ್ಜಿ. ನಿಮ್ಮ ವಾರ್ಡಲ್ಲಿ ಮಾತ್ರ ಇನ್ನೂ ಉಸಿರಾಡ್ತಿದೆ’ ಎಂದರು. ಅದು ಸಂತೋಷದ ಮಾತೋ ಸಂಕಟದ ಮಾತೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಕೊಡುವುದಿಲ್ಲ ಎಂದರೆ ಆ ಹೆಸರು ಕೂಗುವ ಬಾಯಿ ಇನ್ನು ಎಲ್ಲಿ ಉಳಿಯುತ್ತದೆ? ಕೊಡುತ್ತೇನೆ ಎಂದರೆ ಅವರಿಗೆ ಉಳಿಯುವುದೇನು?

ನಾಳೆ ಹೊಸ ವಾರ್ಡಿಗೆ ಹೊಸ ಆಯಾ ಸೇರುತ್ತಾಳೆ. ಆ ಹುಡುಗಿಗೆ ನಾನು ಬಕೆಟ್ಟು ಕೊಡುತ್ತೇನೆ, ಬ್ರಷ್ಷು ಕೊಡುತ್ತೇನೆ. ಮೂರನೆಯದನ್ನು ಕೊಡುವ ಅಧಿಕಾರ ನನಗಿಲ್ಲ. ಡಾಕ್ಟರಮ್ಮಾ, ನಿಮಗೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ.

ನೀನು ಯಾವ ಉತ್ತರ ಬಯಸುತ್ತೀ ಎಂದು ನೀವು ಕೇಳಬಹುದು. ಕೊಡಲಿ ಎಂದು ಬಯಸುತ್ತೇನೆ. ಯಾಕೆಂದರೆ ನನಗೂ ಅದು ಹಿಡಿಸಿಬಿಟ್ಟಿದೆ. ಆ ಹೆಸರಿನಲ್ಲಿ ಎಷ್ಟೋ ಕೈ ಹಿಡಿದಿದ್ದೇನೆ. ನನ್ನ ಸ್ವಂತ ಹೆಸರಿನಲ್ಲಿ ಯಾರೂ ನನ್ನನ್ನು ಅಷ್ಟು ಆಸೆಯಿಂದ ಕೂಗಿದವರಿಲ್ಲ, ನನ್ನ ತಾಯಿ ಒಬ್ಬಳನ್ನು ಬಿಟ್ಟು. ಆದರೆ ಬೆಳಿಗ್ಗೆ ದೇವರ ಮುಂದೆ ನಿಂತಾಗ ನಾನು ಇದನ್ನು ಬೇಡಲಿಲ್ಲ. ಇನ್ನೊಬ್ಬರ ಸ್ವತ್ತು. ಅದಕ್ಕೆ ದೇವರ ಶಿಫಾರಸು ತರುವುದು ಸರಿಯಲ್ಲ. ಅವರಿಗೆ ಬುದ್ಧಿ ಕೊಡು ಎಂದೂ ಕೇಳಲಿಲ್ಲ, ಬುದ್ಧಿ ಅವರಲ್ಲಿ ಬೇಕಾದಷ್ಟಿದೆ. ಅವರ ಮಂಡಿಗೆ ಶಕ್ತಿ ಕೊಡು ಎಂದಷ್ಟೇ ಕೇಳಿದೆ.

ಮುಗಿಸುತ್ತೇನೆ. ಇಷ್ಟು ಹೊತ್ತು ಕೂತು ಕೇಳಿದಿರಿ, ಕೂಸುಗಳೂ ಅಳಲಿಲ್ಲ, ನಿಮಗೆಲ್ಲ ನನ್ನ ವಂದನೆಗಳು. ನನಗೆ ಗೌರವ ಕೊಡಬೇಕೆಂದು ಯೋಚಿಸಿದ ಡಾಕ್ಟರಮ್ಮನವರಿಗೆ ವಂದನೆಗಳು. ಹೆಸರಿನ ಅರ್ಥ ತಿಳಿಸಿದ ಮೇಷ್ಟ್ರಿಗೆ ವಂದನೆಗಳು. ಕಂಬದ ಹತ್ತಿರ ಕೂತವರಿಗೂ ವಂದನೆ, ಮನೆಗೆ ಹೋದ ಮೇಲೆ ಮಾತಾಡೋಣ.

ಈಗ ಒಂದು ಕೋರಿಕೆ. ಆ ಹೆಸರಿಟ್ಟುಕೊಂಡು ಈ ಆಸ್ಪತ್ರೆಯಲ್ಲಿ ಹುಟ್ಟಿದವರು ಯಾರಾದರೂ ಒಬ್ಬರು ಎದ್ದು ಕೆಳಗೆ ಹೋಗಬೇಕು. ಮೆಟ್ಟಿಲಿಳಿದು ಎಡಕ್ಕೆ, ಬಟ್ಟೆ ಮಡಚುವ ಕೋಣೆ. ನೆಲ ಒರೆಸಿದ್ದಾರೆ, ಜಾರೀತು, ನಿಧಾನವಾಗಿ ಹೋಗಿ. ಬಾಗಿಲಲ್ಲಿ ನಿಂತು ಅವರನ್ನು ಇಸ್ತ್ರಿ ಅಜ್ಜಿ ಎನ್ನಬೇಡಿ. ಆ ಹೆಸರು ಹಿಡಿದೂ ಕರೆಯಬೇಡಿ. ಈ ಕಟ್ಟಡದಲ್ಲಿ ಅವರನ್ನು ಯಾರೂ ಕೇಳದೆ ಬಹಳ ವರ್ಷವಾಗಿರುವ ಒಂದು ಮಾತಿದೆ, ಮೊದಲು ಅದನ್ನು ಕೇಳಿ: ‘ನಿಮ್ಮ ಹೆಸರೇನಮ್ಮಾ?’ ಅವರು ಹೇಳಲಿ. ಪೂರ್ತಿ ಹೇಳಿ ಮುಗಿಸಲಿ. ಆಮೇಲೆ ನಿಮ್ಮದನ್ನು ಹೇಳಿ. ಅದಾದ ಮೇಲೆ, ಮೇಲೆ ಎಲ್ಲರೂ ಕಾಯುತ್ತಿದ್ದಾರೆ, ಕೊಡುತ್ತೀರಾ ಎಂದು ಕೇಳಿ, ಅವರು ಏನು ಹೇಳುತ್ತಾರೋ ಅದನ್ನು ಒಂದು ಅಕ್ಷರ ಕೂಡಿಸದೆ, ಒಂದು ಅಕ್ಷರ ಕಳೆಯದೆ ತನ್ನಿ. ಇಲ್ಲ ಎಂದರೂ ಹಾಗೆಯೇ ತನ್ನಿ. ನಾನು ಇಲ್ಲಿಯೇ ನಿಂತಿರುತ್ತೇನೆ.

ಯಾರು ಹೋಗುತ್ತೀರಿ ತಾಯಿ? ಹೋಗಿ ಬನ್ನಿ.

ಎಲ್ಲರಿಗೂ ನಮಸ್ಕಾರ.